ಮೂರನೆಯ ದಿನದ ಭಯ



ಕುಡಿತ ಬಿಡುತ್ತೇನೆಂದು ಆಣೆ ಮಾಡಿ, ಮೂರೇ ದಿನಕ್ಕೆ ಮತ್ತೆ ಕುಡಿದು ಬಂದವರು ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇದ್ದಾರೆಯೇ? ಇದ್ದರೆ ಆ ದಿನ ನೀವು ಅವರಿಗೆ ಏನೆಂದಿರಿ? "ನಿನಗೆ ಮನಸ್ಸೇ ಇಲ್ಲ." "ದೇವರಿಗೆ ಕೊಟ್ಟ ಮಾತನ್ನೇ ಉಳಿಸಿಕೊಳ್ಳದವನು ನಮಗೆ ಕೊಟ್ಟ ಮಾತು ಉಳಿಸುತ್ತಾನೆಯೇ?" ಇಂಥ ಮಾತುಗಳು ನಮ್ಮ ಬಾಯಿಂದ ಸುಲಭವಾಗಿ ಬರುತ್ತವೆ. ನನ್ನ ಬಾಯಿಂದಲೂ ಬಂದಿವೆ. ಆ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡು, ಅದು ನನ್ನಲ್ಲಿ ಹುಟ್ಟಿಸಿದ ಒಂದು ಪ್ರಶ್ನೆಯನ್ನು ಈ ವಾರ ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಅದು 2011ರ ತಪಸ್ಸುಕಾಲ. ನನಗೆ ಗುರುದೀಕ್ಷೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ವಿಭೂತಿ ಬುಧವಾರದ ಬೆಳಗಿನ ಬಲಿಪೂಜೆ ಮುಗಿದ ಮೇಲೆ ಒಬ್ಬ ಗಾರೆ ಕೆಲಸದವರು ಹೆಂಡತಿಯೊಡನೆ ದೇವಾಲಯದ ಬಾಗಿಲಲ್ಲಿ ಕಾದಿದ್ದರು. ಹನ್ನೆರಡು ವರ್ಷಗಳಿಂದ ದಿನವೂ ಕುಡಿಯುತ್ತಿದ್ದವರು. ಈಚೆಗೆ ಬೆಳಿಗ್ಗೆ ಎದ್ದೊಡನೆ ಸ್ವಲ್ಪ ಗುಟುಕರಿಸದೆ ಕರಣೆ ಹಿಡಿಯಲು ಆಗುತ್ತಿರಲಿಲ್ಲವಂತೆ. ಹಣೆಯ ಮೇಲಿನ ವಿಭೂತಿ ಇನ್ನೂ ಹಸಿಯಾಗಿತ್ತು. ಶಿಲುಬೆಯ ಪಾದ ಮುಟ್ಟಿ, "ಇವತ್ತಿನಿಂದ ಒಂದು ಹನಿ ಮುಟ್ಟಲ್ಲ ಫಾದರ್" ಎಂದರು. ನನಗೆ ಹಿಡಿಸಲಾರದಷ್ಟು ಸಂತೋಷ. ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಕಳುಹಿಸಿದೆ.

ಶುಕ್ರವಾರ ಸಂಜೆ ಶಿಲುಬೆಯ ಹಾದಿ ಮುಗಿಯುತ್ತಲೇ ಆ ತಾಯಿ ಓಡಿ ಬಂದರು. "ಫಾದರ್, ಇವ್ರು ಎರಡು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ. ಮೈಯೆಲ್ಲಾ ಬೆವರು. ನೀರಿನ ಲೋಟ ಹಿಡಿಯೋಕೂ ಆಗ್ತಿಲ್ಲ. ಯಾರೋ ಬಾಗಿಲು ತಟ್ತಿದ್ದಾರೆ ಅಂತಾರೆ. ದೇವರು ನನ್ನ ಕೈಬಿಟ್ಟ ಅಂತ ಮಗು ಥರ ಅಳ್ತಾರೆ" ಎಂದರು. ನಾನೇನು ಹೇಳಿದೆ ಗೊತ್ತೇ? "ಇದು ಸೈತಾನನ ಶೋಧನೆ ತಾಯಿ. ಮನೆಯವರೆಲ್ಲ ಕೂಡಿ ಜಪಸರ ಹೇಳಿ. ಮನಸ್ಸು ಗಟ್ಟಿ ಮಾಡಿಕೊಳ್ಳಲು ಹೇಳಿ" ಎಂದೆ. ಒಂದು ಬಾಟಲಿ ತೀರ್ಥ ಕೊಟ್ಟೆ.

ಆ ರಾತ್ರಿ ಅವರ ತಮ್ಮ ಒಂದು ಕ್ವಾರ್ಟರ್ ತಂದುಕೊಟ್ಟ. ಅರ್ಧ ಕುಡಿಯುವಷ್ಟರಲ್ಲಿ ನಡುಕ ನಿಂತಿತು. ಅವರು ನಿದ್ದೆ ಹೋದರು. ಸೋಮವಾರ ವಿಷಯ ತಿಳಿದು ನಾನು ಅವರ ಮನೆಗೆ ಹೋದೆ. ಮಕ್ಕಳ ಮುಂದೆಯೇ ಗದರಿದೆ. ಶಿಲುಬೆ ಮುಟ್ಟಿದ ಕೈ ಅದು ಎಂದು ನೆನಪಿಸಿದೆ. ಅವರು ಒಂದು ಮಾತೂ ಆಡದೆ ನೆಲ ನೋಡುತ್ತಾ ಕುಳಿತಿದ್ದರು. ಆಮೇಲೆ ಎರಡು ವರ್ಷ ಅವರು ದೇವಾಲಯದ ಕಡೆ ತಲೆಹಾಕಲಿಲ್ಲ.

ಎರಡು ವರ್ಷದ ನಂತರ ಗುರುಗಳಿಗಾಗಿ ನಡೆದ ಒಂದು ತರಬೇತಿಗೆ ಮನೋವೈದ್ಯರೊಬ್ಬರು ಬಂದಿದ್ದರು. ಊಟದ ಹೊತ್ತಿನಲ್ಲಿ ಈ ಸಂಗತಿಯನ್ನು ಅವರಿಗೆ ಹೇಳಿದೆ. ಅವರು ತಟ್ಟೆಯಿಂದ ಕೈ ತೆಗೆದು ಹೇಳಿದರು: "ಫಾದರ್, ಆ ರಾತ್ರಿ ಅವರು ಆಸ್ಪತ್ರೆಯಲ್ಲಿರಬೇಕಿತ್ತು. ಆಸ್ಪತ್ರೆಯೂ ಇಲ್ಲದೆ, ಮದ್ಯವೂ ಇಲ್ಲದೆ ಹೋಗಿದ್ದರೆ ಅವರು ಬದುಕುತ್ತಿದ್ದರೆಂದು ನಾನು ಖಂಡಿತವಾಗಿ ಹೇಳಲಾರೆ."

ವಾಚಕರೇ, ನಾನು ಪಾಪವೆಂದು ಗದರಿದ್ದು ಯಾವುದನ್ನು? ಯೋಚಿಸಿದಷ್ಟೂ ನನಗೆ ನಾಚಿಕೆಯಾಯಿತು.

ತಕ್ಕಡಿಯ ಲೆಕ್ಕ

ಆ ವೈದ್ಯರು ನನಗೆ ವಿವರಿಸಿದ್ದನ್ನು, ಅನಂತರ ನಾನು ಓದಿ ತಿಳಿದುಕೊಂಡದ್ದನ್ನು ಸರಳವಾಗಿ ಹೇಳುತ್ತೇನೆ.

ನಮ್ಮ ಮೆದುಳಿನ ನರಕೋಶಗಳು ಕೆಲವು ರಾಸಾಯನಿಕಗಳ ಮೂಲಕ ಒಂದರೊಡನೊಂದು ಮಾತನಾಡುತ್ತವೆ. ಅವುಗಳಲ್ಲಿ ಗ್ಯಾಬಾ ಎಂಬುದು ಶಾಂತಗೊಳಿಸುತ್ತದೆ; ಗ್ಲುಟಮೇಟ್ ಎಂಬುದು ಎಚ್ಚರಿಸುತ್ತದೆ, ಉದ್ರೇಕಿಸುತ್ತದೆ. ತಕ್ಕಡಿಯ ಎರಡು ತಟ್ಟೆಗಳಂತೆ ಇವು ಸಮನಾಗಿದ್ದರೆ ಮನುಷ್ಯ ನೆಮ್ಮದಿಯಿಂದಿರುತ್ತಾನೆ. ಮದ್ಯವು ಗ್ಯಾಬಾದ ಕೆಲಸವನ್ನು ಹೆಚ್ಚಿಸಿ ಗ್ಲುಟಮೇಟಿನ ಕೆಲಸವನ್ನು ತಗ್ಗಿಸುತ್ತದೆ. ಎಂದರೆ, ಶಾಂತಿಯ ತಟ್ಟೆಯಲ್ಲಿ ಹೊರಗಿನಿಂದ ಒಂದು ಕಲ್ಲು ಇಟ್ಟಂತೆ. ಕುಡಿದವನಿಗೆ ಹಗುರವೆನಿಸುವುದು ಇದರಿಂದಲೇ.

ಆದರೆ ದೇವರು ಸೃಷ್ಟಿಸಿದ ಈ ದೇಹ ಸಮತೋಲನವನ್ನು ಬಯಸುತ್ತದೆ. ದಿನವೂ ಒಂದು ಕಡೆ ಕಲ್ಲು ಬೀಳುತ್ತಿದ್ದರೆ, ಮೆದುಳು ಇನ್ನೊಂದು ಕಡೆ ತೂಕ ಸೇರಿಸುತ್ತಾ ಹೋಗುತ್ತದೆ. ಗ್ಯಾಬಾದ ಸಂದೇಶವನ್ನು ಸ್ವೀಕರಿಸುವ ಗ್ರಾಹಕಗಳು ಮಂದವಾಗುತ್ತವೆ. ಗ್ಲುಟಮೇಟಿನ ಗ್ರಾಹಕಗಳು ಹೆಚ್ಚುತ್ತವೆ. ಮೊದಲು ಒಂದು ಲೋಟದಿಂದ ಸಿಗುತ್ತಿದ್ದ ಹಗುರ ಈಗ ನಾಲ್ಕು ಲೋಟದಿಂದಲೂ ಸಿಗುವುದಿಲ್ಲ. ವರ್ಷಗಳ ನಂತರ ಒಂದು ಬೆಳಿಗ್ಗೆ ಆ ಮನುಷ್ಯ ಕಲ್ಲನ್ನು ಫಕ್ಕನೆ ಎತ್ತಿಬಿಡುತ್ತಾನೆ. ಆಗೇನಾಗುತ್ತದೆ? ಎದುರು ತಟ್ಟೆ ಧೊಪ್ಪನೆ ಕೆಳಗೆ ಬೀಳುತ್ತದೆ. ವೈದ್ಯರು ಇದಕ್ಕೆ ವಿತ್‌ಡ್ರಾವಲ್ ಎನ್ನುತ್ತಾರೆ.

ಕೊನೆಯ ಸಲ ಕುಡಿದ ಆರರಿಂದ ಹನ್ನೆರಡು ಗಂಟೆಯೊಳಗೆ ಕೈನಡುಕ, ಬೆವರು, ಎದೆಬಡಿತ, ಆತಂಕ ಶುರುವಾಗುತ್ತವೆ. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಸನ್ನಿ ಹಿಡಿಯುತ್ತದೆ. ಇಲ್ಲದ್ದು ಕಾಣುತ್ತದೆ, ಕೇಳುತ್ತದೆ, ತಾನೆಲ್ಲಿದ್ದೇನೆಂಬುದೇ ಮರೆಯುತ್ತದೆ. ಡೆಲಿರಿಯಂ ಟ್ರೆಮೆನ್ಸ್ ಎಂಬ ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಕುಡಿಯುವ ಎಲ್ಲರಿಗೂ ಹೀಗಾಗುವುದಿಲ್ಲ. ವರ್ಷಗಟ್ಟಲೆ, ದಿನವೂ, ಹೆಚ್ಚಾಗಿ ಕುಡಿದವರಿಗೆ ಈ ಅಪಾಯ ಹೆಚ್ಚು.

ಇನ್ನು ಆ ಭಯದ ಬಗ್ಗೆ. ಹಾವು ಕಂಡಾಗ ನಮ್ಮ ಮೈಯಲ್ಲಿ ಉಕ್ಕುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವೇ ಆಗಲೂ ಉಕ್ಕುತ್ತದೆ. ಹಗ್ಗವನ್ನು ಕಂಡು ಹಾವೆಂದು ಹೆದರಿದವನ ಉದಾಹರಣೆ ನಮ್ಮ ದೇಶದ ತತ್ತ್ವಶಾಸ್ತ್ರದಲ್ಲಿ ಪ್ರಸಿದ್ಧ. ಇಲ್ಲಿ ಹಾವೂ ಇಲ್ಲ, ಹಗ್ಗವೂ ಇಲ್ಲ. ಹಾವು ಕಂಡ ಭಯ ಮಾತ್ರ ಇದೆ. ಕಾರಣವಿಲ್ಲದ ಭಯಕ್ಕೆ ಮನಸ್ಸು ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತದೆ. ಒಬ್ಬನಿಗೆ ಸಾಲಗಾರ ಬಂದನೆನಿಸುತ್ತದೆ. ಭಕ್ತನಾದವನಿಗೆ ದೇವರು ಕೈಬಿಟ್ಟನೆನಿಸುತ್ತದೆ.

ಖಿನ್ನತೆಗೂ ಹೀಗೇ ಕಾರಣವಿದೆ. ಸುಖದ, ಉತ್ಸಾಹದ ಅನುಭವಕ್ಕೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕದ ಕೆಲಸ ಆ ದಿನಗಳಲ್ಲಿ ಕುಗ್ಗಿರುತ್ತದೆ. ಮಗುವಿನ ನಗು, ಹಬ್ಬದ ಊಟ, ಪ್ರಾರ್ಥನೆ ಯಾವುದೂ ರುಚಿಸುವುದಿಲ್ಲ. ಆದರೆ ಒಂದು ಸಮಾಧಾನದ ಸಂಗತಿಯುಂಟು. ಕುಡಿಯದೆ ಉಳಿದರೆ ಹೆಚ್ಚಿನವರಲ್ಲಿ ಈ ಮಂಕು ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಕರಗುತ್ತದೆ. ನಿದ್ದೆ ಸರಿಹೋಗಲು ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ವಾರಗಳು ಕಳೆದರೂ ಖಿನ್ನತೆ ಕರಗದಿದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು.

ಆ ಭಯ ಯಾರದು?

ಈಗ ಪ್ರಶ್ನೆಗೆ ಬರೋಣ. ಮೂರನೆಯ ದಿನ ಮತ್ತೆ ಕುಡಿದವನು ತಪ್ಪಿತಸ್ಥನೇ? ಎಲ್ಲವೂ ರಸಾಯನಶಾಸ್ತ್ರವೇ ಆದರೆ ಸ್ವತಂತ್ರ ಮನಸ್ಸೆಂಬುದು ಎಲ್ಲಿ ಉಳಿಯಿತು?

ಆತ್ಮವು ದೇಹದಲ್ಲಿ ಬಾಡಿಗೆಗಿರುವ ಅತಿಥಿ ಎಂದು ನಮ್ಮ ಧರ್ಮಸಭೆ ಎಂದೂ ಕಲಿಸಿಲ್ಲ. ಆತ್ಮವು ದೇಹದೊಡನೆ ಒಂದಾಗಿ ಮನುಷ್ಯನನ್ನು ಮನುಷ್ಯನನ್ನಾಗಿಸುತ್ತದೆ ಎಂದು 1312ರಲ್ಲೇ ವಿಯೆನ್ ಮಹಾಸಭೆ ಸಾರಿತು. ಆದ್ದರಿಂದ ಮೆದುಳಿಗೆ ಪೆಟ್ಟು ಬಿದ್ದರೆ ಸಂಕಲ್ಪಕ್ಕೂ ಪೆಟ್ಟು ಬೀಳುವುದು ಕ್ರೈಸ್ತನಿಗೆ ಆಶ್ಚರ್ಯದ ಸಂಗತಿಯಾಗಬಾರದು. ಸಂತ ಥಾಮಸ್ ಅಕ್ವಿನಾಸರು ದುಃಖಕ್ಕೆ ಪರಿಹಾರಗಳನ್ನು ಹೇಳುವಾಗ ಕಣ್ಣೀರು, ಗೆಳೆಯರ ಸಹಾನುಭೂತಿ, ಸತ್ಯದ ಧ್ಯಾನ ಇವುಗಳ ಜೊತೆಗೆ ನಿದ್ದೆ ಮತ್ತು ಸ್ನಾನವನ್ನೂ ಸೇರಿಸಿದ್ದಾರೆ! ಸೆಮಿನರಿಯಲ್ಲಿ ಇದನ್ನು ಓದಿದಾಗ ನಾವೆಲ್ಲ ನಕ್ಕಿದ್ದೆವು. ಈಗ ನಗು ಬರುವುದಿಲ್ಲ.

ಅರಸುಗಳ ಮೊದಲ ಗ್ರಂಥದ 19ನೆಯ ಅಧ್ಯಾಯವನ್ನು ಇಂದು ರಾತ್ರಿ ಓದಿನೋಡಿ. ಪ್ರವಾದಿ ಎಲೀಯ ಗಿಡದ ಕೆಳಗೆ ಕುಳಿತು, ಸಾಕಪ್ಪಾ ಸಾಕು, ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡುತ್ತಾನೆ. ಬಂದ ದೇವದೂತ ಉಪದೇಶ ಮಾಡುವುದಿಲ್ಲ, ವಿಶ್ವಾಸ ಸಾಲದೆಂದು ಗದರುವುದಿಲ್ಲ. ರೊಟ್ಟಿ ಕೊಡುತ್ತಾನೆ, ನೀರು ಕೊಡುತ್ತಾನೆ. ಎಲೀಯ ಮತ್ತೆ ಮಲಗುತ್ತಾನೆ. ದೂತ ಮತ್ತೆ ಎಬ್ಬಿಸಿ ಉಣಿಸುತ್ತಾನೆ. ದೇವರು ಅವನೊಡನೆ ಮಾತನಾಡಿದ್ದು ಇದೆಲ್ಲ ಆದ ಮೇಲೆ, ನಲವತ್ತು ದಿನದ ಹಾದಿ ನಡೆದ ಮೇಲೆ. ನಾನು ತೀರ್ಥದ ಬಾಟಲಿ ಕೊಟ್ಟು ಕಳುಹಿಸಿದ ಸಂಜೆ ಈ ಅಧ್ಯಾಯ ನನಗೆ ನೆನಪಾಗಲಿಲ್ಲ.

ಹಾಗಾದರೆ ತಪ್ಪೇ ಇಲ್ಲವೇ?

ನಿಮ್ಮಲ್ಲಿ ಕೆಲವರು, ಮುಖ್ಯವಾಗಿ ತಾಯಂದಿರು, ಇಲ್ಲಿ ನನ್ನನ್ನು ತಡೆದು ಕೇಳಬಹುದು: "ಫಾದರ್, ಕಾಯಿಲೆ ಅಂತ ನೀವೇ ಹೇಳಿದರೆ ಅವನಿಗೆ ಇನ್ನೊಂದು ನೆಪ ಸಿಕ್ಕಿತು. ತಿಂದ ಏಟು, ಅಡವಿಟ್ಟ ತಾಳಿ, ಮಕ್ಕಳ ಶಾಲೆಯ ಫೀಸು ಇದಕ್ಕೆಲ್ಲ ಯಾರು ಹೊಣೆ?" ನ್ಯಾಯವಾದ ಪ್ರಶ್ನೆ.

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಇದಕ್ಕೊಂದು ಉದಾಹರಣೆ ಕೊಡುತ್ತಾನೆ. ಕೈಯಿಂದ ಎಸೆದ ಕಲ್ಲನ್ನು ಹಿಂದಕ್ಕೆ ಕರೆಯಲಾಗದು. ಆದರೂ ಎಸೆಯುವುದು, ಬಿಡುವುದು ನಮ್ಮ ಕೈಯಲ್ಲೇ ಇತ್ತು. ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಎಂಟನೆಯ ಭಾಗದಲ್ಲಿ ಸ್ವಂತ ಅನುಭವದಿಂದ ಇದನ್ನೇ ಇನ್ನೂ ಆಳವಾಗಿ ಹೇಳುತ್ತಾರೆ: ದಾರಿ ತಪ್ಪಿದ ಇಚ್ಛೆ ಆಸೆಯಾಗುತ್ತದೆ, ಆಸೆ ಚಟವಾಗುತ್ತದೆ, ತಡೆಯದೆ ಬಿಟ್ಟ ಚಟ ಅನಿವಾರ್ಯವಾಗುತ್ತದೆ. ಸರಪಳಿಯ ಮೊದಲ ಕೊಂಡಿಯನ್ನು ಹಾಕಿಕೊಂಡವನು ನಾನೇ. ಕೊನೆಯ ಕೊಂಡಿಯ ಹೊತ್ತಿಗೆ ನಾನು ಕೈದಿ. ಕಥೋಲಿಕ ಧರ್ಮಸಭೆ 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥವೂ, ಅದರ 1735ನೆಯ ಅಂಕಣದಲ್ಲಿ, ಭಯ, ರೂಢಿ, ಮನಸ್ಸಿನ ಸ್ಥಿತಿಗತಿಗಳು ಒಬ್ಬನ ಹೊಣೆಯನ್ನು ಕಡಿಮೆ ಮಾಡಬಹುದು, ಕೆಲವೊಮ್ಮೆ ಇಲ್ಲವಾಗಿಸಬಹುದು ಎಂದು ಕಲಿಸುತ್ತದೆ.

ಆದ್ದರಿಂದ ನನ್ನ ಉತ್ತರ ಇದು. ಹೊಣೆ ಇದೆ, ಆದರೆ ನಾವು ಅದನ್ನು ತಪ್ಪು ಜಾಗದಲ್ಲಿ ಹುಡುಕುತ್ತೇವೆ. ನಡುಗುವ ಆ ರಾತ್ರಿಯಲ್ಲಿ ಅವನ ಸ್ವಾತಂತ್ರ್ಯ ಅತ್ಯಂತ ಕ್ಷೀಣವಾಗಿರುತ್ತದೆ. ಆ ಹೊತ್ತಿನ ಗುಟುಕಿನ ಮೇಲೆ ಇಡೀ ತೀರ್ಪನ್ನು ಹೇರುವುದು ನ್ಯಾಯವಲ್ಲ. ಅವನ ಹೊಣೆ ಇರುವುದು ತಿಳಿ ಮನಸ್ಸಿನ ಗಂಟೆಗಳಲ್ಲಿ. ಹೆಂಡತಿ "ಬನ್ನಿ, ಡಾಕ್ಟರ ಹತ್ತಿರ ಹೋಗೋಣ" ಎಂದಾಗ ಅಂಗಿ ಹಾಕಿಕೊಂಡು ಹೊರಡುವುದು ಅವನ ಕೈಯಲ್ಲಿದೆ. ಕೊಟ್ಟ ಏಟಿಗೆ ಕ್ಷಮೆ ಕೇಳುವುದು, ಅಡವಿಟ್ಟದ್ದನ್ನು ಬಿಡಿಸಿಕೊಡುವುದು ಅವನ ಕರ್ತವ್ಯ. ರಾಸಾಯನಿಕದ ವಿವರಣೆ ಒಂದು ವಾರದ ಭಯಕ್ಕೆ ಕಾರಣ ಹೇಳುತ್ತದೆಯೇ ಹೊರತು ವರ್ಷಗಳ ಹಿಂಸೆಗೆ ಪರವಾನಗಿ ಕೊಡುವುದಿಲ್ಲ. ಹಿಂಸೆ ಇರುವ ಮನೆಯಿಂದ ತಾಯಿ ಮಕ್ಕಳು ಸುರಕ್ಷಿತ ಸ್ಥಳಕ್ಕೆ ಹೋಗುವುದು ಪಾಪವಲ್ಲವೆಂದು ಕೂಡ ಇಲ್ಲಿಯೇ ಸ್ಪಷ್ಟವಾಗಿ ಹೇಳುತ್ತೇನೆ.

ಇನ್ನೊಂದು ಹೊಣೆಯೂ ಇದೆ. ಅದು ನಮ್ಮದು. ಚಿಕಿತ್ಸೆಯ ಏರ್ಪಾಟಿಲ್ಲದೆ ಆಣೆ ಮಾಡಿಸುವವರು ನಾವು. ಆಣೆ ಮುರಿದಾಗ ಕಲ್ಲೆಸೆಯುವವರೂ ನಾವು.

2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಲಾಕ್‌ಡೌನಿನಿಂದ ಮದ್ಯದಂಗಡಿಗಳು ಫಕ್ಕನೆ ಮುಚ್ಚಿದಾಗ ಇಡೀ ನಾಡು ಇದನ್ನು ಕಣ್ಣಾರೆ ಕಂಡಿತು. ಕರ್ನಾಟಕ, ಕೇರಳಗಳಿಂದ ಆತ್ಮಹತ್ಯೆಯ ಸುದ್ದಿಗಳು ಬಂದವು. ವೈದ್ಯರ ಚೀಟಿಯಿದ್ದವರಿಗೆ ಮದ್ಯ ಒದಗಿಸಲು ಕೇರಳ ಸರ್ಕಾರ ಆದೇಶ ಹೊರಡಿಸಿತು. ಇಂಥವರಿಗೆ ಬೇಕಾದದ್ದು ಚಿಕಿತ್ಸೆ, ಮದ್ಯವಲ್ಲವೆಂದು ವೈದ್ಯರು ವಿರೋಧಿಸಿದರು. ಅಲ್ಲಿನ ಹೈಕೋರ್ಟು ಆದೇಶಕ್ಕೆ ತಡೆ ನೀಡಿತು. "ಅಂಗಡಿ ಮುಚ್ಚಿದರೆ ಕುಡಿತ ತಾನೇ ನಿಲ್ಲುತ್ತದೆ" ಎಂದು ನಾವು ಸಲೀಸಾಗಿ ಆಡುತ್ತಿದ್ದ ಮಾತು ಆ ದಿನಗಳಲ್ಲಿ ಗಂಟಲಲ್ಲೇ ಉಳಿಯಿತು.

ಎರಡು ಬಗೆಯ ದುಃಖ

ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 7ನೆಯ ಅಧ್ಯಾಯದಲ್ಲಿ ಎರಡು ಬಗೆಯ ದುಃಖವನ್ನು ಬೇರ್ಪಡಿಸುತ್ತಾರೆ: ದೈವಚಿತ್ತಾನುಸಾರವಾದ ದುಃಖ ಜೀವೋದ್ಧಾರಕ್ಕೆ ಒಯ್ಯುತ್ತದೆ, ಲೋಕದ ದುಃಖ ಮರಣಕ್ಕೆ. ಕುಡಿತ ಬಿಟ್ಟ ಮೊದಲ ವಾರದಲ್ಲಿ ಈ ವಿವೇಕ ಬಹಳ ಮುಖ್ಯ. ನಿಜವಾದ ಪಶ್ಚಾತ್ತಾಪಕ್ಕೆ ಒಂದು ಮುಖವಿದೆ. ನೋಯಿಸಿದ ಹೆಂಡತಿಯ, ಮಗಳ, ದೇವರ ಕಡೆಗೆ ಅದು ತಿರುಗುತ್ತದೆ. ನಾಳೆ ಏನು ಮಾಡಲಿ ಎಂದು ಕೇಳುತ್ತದೆ. ಮೆದುಳಿನ ಮಂಕಿನಿಂದ ಹುಟ್ಟಿದ ದುಃಖಕ್ಕೆ ನಾಳೆಯೇ ಇಲ್ಲ. "ನನಗೆ ಬಿಡುಗಡೆಯಿಲ್ಲ, ನಾನು ಸತ್ತರೆ ಎಲ್ಲರಿಗೂ ನೆಮ್ಮದಿ" ಎಂದು ಅದು ಹೇಳುತ್ತದೆ. ಈ ಮಾತು ಮನುಷ್ಯನ ಸ್ವಂತ ದನಿಯಂತೆ, ಕೆಲವೊಮ್ಮೆ ದೇವರ ದನಿಯಂತೆಯೂ ಕೇಳಿಸುತ್ತದೆ. ದಯವಿಟ್ಟು ಅದನ್ನು ನಂಬಬೇಡಿ. ಆ ವಾರ ಯಾವ ದೊಡ್ಡ ತೀರ್ಮಾನವನ್ನೂ ಮಾಡಬೇಡಿ. ಪಾಪನಿವೇದನೆಗೆ ಬರಬೇಕೆನಿಸಿದರೆ ಬನ್ನಿ. ಬರಲಾಗದಿದ್ದರೆ ದೇವರು ಕಾಯುತ್ತಾರೆ.

"ಮತ್ತೆ ಬೀಳಬಹುದೆಂಬ ಭಯವಿದ್ದರೆ ನನ್ನ ಪಶ್ಚಾತ್ತಾಪ ನಿಜವೇ?" ಎಂದು ಕೇಳುವವರಿಗೆ ನಾನೊಬ್ಬ ಸಂತರ ಕಥೆ ಹೇಳುತ್ತೇನೆ. ಚೀನಾದ ಮಾರ್ಕ್ ಜಿ ಟಿಯಾನ್‌ಷಿಯಾಂಗ್ 1834ರಲ್ಲಿ ಹುಟ್ಟಿದವರು, ಬಡವರಿಗೆ ಹಣ ಪಡೆಯದೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರು. ಹೊಟ್ಟೆಯ ಬೇನೆಗೆಂದು ತೆಗೆದುಕೊಂಡ ಅಫೀಮು ಅವರಿಗೆ ಚಟವಾಯಿತು. ಪದೇ ಪದೇ ಅದೇ ಪಾಪವನ್ನು ನಿವೇದಿಸುತ್ತಿದ್ದುದರಿಂದ, ಬಿಡುವ ಮನಸ್ಸೇ ಇವರಿಗಿಲ್ಲವೆಂದು ತಿಳಿದು ಗುರುಗಳು ಪಾಪಕ್ಷಮೆ ನಿರಾಕರಿಸಿದರು. ಸುಮಾರು ಮೂವತ್ತು ವರ್ಷ ಅವರಿಗೆ ಪರಮಪ್ರಸಾದವಿರಲಿಲ್ಲ. ಆದರೂ ಅವರು ಪ್ರಾರ್ಥನೆ ಬಿಡಲಿಲ್ಲ. 1900ರ ಬಾಕ್ಸರ್ ದಂಗೆಯಲ್ಲಿ ಮನೆಯವರೊಡನೆ ಸೆರೆಯಾಗಿ, ವಿಶ್ವಾಸವನ್ನು ತೊರೆಯದೆ ಪ್ರಾಣ ಕೊಟ್ಟರು. 2000ದ ಅಕ್ಟೋಬರ್ 1ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ಸಂತರೆಂದು ಘೋಷಿಸಿದರು. ಆ ಗುರುಗಳನ್ನು ನಾನು ದೂಷಿಸುವುದಿಲ್ಲ. ಅವರಿಗೆ ತಿಳಿದಿರಲಿಲ್ಲ. ನಮಗೆ ತಿಳಿದಿದೆ, ಆದ್ದರಿಂದ ನಮ್ಮ ಲೆಕ್ಕ ಬೇರೆ.

ನಾವು ಮಾಡಬೇಕಾದದ್ದು

ವರ್ಷಗಳಿಂದ ದಿನವೂ ಕುಡಿಯುವವರು ಬಿಡುವೆನೆಂದರೆ ಮೊದಲು ವೈದ್ಯರ ಬಳಿ ಕರೆದೊಯ್ಯಿರಿ. ಹರಕೆ, ಆಣೆ ಆಮೇಲೆ. ನಡುಕ, ಫಿಟ್ಸ್ ತಡೆಯುವ ಔಷಧಿಯನ್ನು ಕೆಲವು ದಿನ ಕೊಟ್ಟು, ಕ್ರಮೇಣ ಇಳಿಸಿ ನಿಲ್ಲಿಸುತ್ತಾರೆ. ಬಿ1 ಜೀವಸತ್ವವನ್ನೂ ಕೊಡುತ್ತಾರೆ. ಅದರ ಕೊರತೆ ಮೆದುಳಿಗೆ ಶಾಶ್ವತ ಹಾನಿ ಮಾಡಬಲ್ಲದು. ಅಂಗಡಿಯಿಂದ ನಿದ್ದೆ ಮಾತ್ರೆ ತಂದು ನೀವೇ ಕೊಡಬೇಡಿ. ಫಿಟ್ಸ್ ಬಂದರೆ, ಇಲ್ಲದ್ದು ಕಾಣುತ್ತಿದೆ ಎಂದರೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಜಿಲ್ಲಾಸ್ಪತ್ರೆಗಳಲ್ಲಿ ಮನೋರೋಗ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಸಾಯುವ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳದೆ ಜೊತೆಯಲ್ಲೇ ಇರಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ ಹಗಲು ರಾತ್ರಿ ಮಾತನಾಡುವವರಿದ್ದಾರೆ. ಚೇತರಿಸಿಕೊಂಡವರನ್ನು ಒಂಟಿಯಾಗಿ ಬಿಡಬೇಡಿ. ಇದೇ ಹಾದಿ ನಡೆದವರ ಸಂಗಕ್ಕೆ, ಎ.ಎ. ಕೂಟಗಳಿಗೆ ಸೇರಿಸಿ. ಜಪಸರವನ್ನೂ ಹೇಳಿ. ಆದರೆ ಔಷಧಿಯ ಬದಲಿಗಲ್ಲ, ಔಷಧಿಯ ಜೊತೆಗೆ.

ಆ ಗಾರೆ ಕೆಲಸದವರ ಮನೆಗೆ 2013ರಲ್ಲಿ ನಾನು ಮತ್ತೆ ಹೋದೆ. ಈ ಸಲ ಮಕ್ಕಳ ಮುಂದೆಯೇ ಕ್ಷಮೆ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಫಾದರ್, ಅವತ್ತು ನಾನು ಕುಡಿದಿದ್ದು ಖುಷಿಗಲ್ಲ, ಭಯಕ್ಕೆ" ಎಂದರು. ಅಷ್ಟೇ. ಮುಂದಿನ ತಿಂಗಳು ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಮೂರನೆಯ ದಿನ ನಾನೂ ಅವರ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದೆ. ಕೈ ಸ್ವಲ್ಪ ನಡುಗುತ್ತಿತ್ತು, ಆದರೆ ನಿದ್ದೆ ಬಂದಿತ್ತು. ಆಮೇಲೆ ಅವರು ಎರಡು ಸಲ ಬಿದ್ದರು. ಎರಡು ಸಲವೂ ತಾವೇ ಆಸ್ಪತ್ರೆಗೆ ಹೋದರು. ನಮ್ಮ ಹೊಸ ಗವಿಯ ಗೋಡೆಯನ್ನು ಕಟ್ಟಿದವರು ಅವರೇ.

ವಾಚಕರೇ, ಮೂರನೆಯ ದಿನವೆಂದರೆ ಕ್ರೈಸ್ತರಾದ ನಮಗೆ ಏನೆಂದು ನಾನು ಹೇಳಬೇಕಾಗಿಲ್ಲ. ಆದರೆ ಸಮಾಧಿಯ ಬಾಗಿಲಿಗಿಟ್ಟ ಕಲ್ಲನ್ನು ಉರುಳಿಸುವವರು ಯಾರೆಂದು ಹೆಂಗಸರು ದಾರಿಯುದ್ದಕ್ಕೂ ಚಿಂತಿಸಿದ್ದರಲ್ಲವೇ? ನಿಮ್ಮ ಬೀದಿಯಲ್ಲಿ ಈ ವಾರ ಯಾರಾದರೂ ಕುಡಿತ ಬಿಟ್ಟಿದ್ದರೆ, ಇಂದು ಎಷ್ಟನೆಯ ದಿನವೆಂದು ಕೇಳಿ. ಕೇಳಿ, ಅವರ ಜೊತೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.